ಮೂತಿ ಎತ್ತಿದರೂ ವಿಮಾನ ಬೀಳುವುದೇಕೆ?

ಏರ್‌ಬಸ್ ಎ320 ವಿಮಾನ ಭರ್ತಿಯಾಗಿ ಹೊರಟಾಗ ಸುಮಾರು 78 ಟನ್ ತೂಗುತ್ತದೆ. ರೆಕ್ಕೆಗಳ ವಿಸ್ತೀರ್ಣ 122 ಚದರ ಮೀಟರ್ ಚಿಲ್ಲರೆ. ಭಾಗಿಸಿ ನೋಡಿ, ರೆಕ್ಕೆಯ ಒಂದೊಂದು ಚದರ ಮೀಟರೂ 600 ಕೆಜಿಗಿಂತ ಜಾಸ್ತಿ ಹೊರಬೇಕು. ಬರೀ ಗಾಳಿಯ ಮೇಲೆ ಇಷ್ಟು ಭಾರವೇ? ಆದರೆ ಗಾಳಿ ನಾವಂದುಕೊಂಡಷ್ಟು ಹಗುರವಲ್ಲ. ಸಮುದ್ರಮಟ್ಟದಲ್ಲಿ ಅದು ಪ್ರತಿ ಚದರ ಮೀಟರಿನ ಮೇಲೂ ಸುಮಾರು 10 ಟನ್ ಭಾರ ಹೇರಿರುತ್ತದೆ. ರೆಕ್ಕೆಯ ಮೇಲಿಗಿಂತ ಕೆಳಗೆ ಶೇ 6ರಿಂದ 7ರಷ್ಟು ಒತ್ತಡ ಹೆಚ್ಚಾದರೆ ಸಾಕು, ವಿಮಾನ ಏಳುತ್ತದೆ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಹಲವರು ಶಾಲೆಯಲ್ಲಿ ಕಲಿತ ಉತ್ತರ ಹೀಗಿದೆ: ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಮೇಲಿನ ಗಾಳಿ ಸುತ್ತಿ ಬಂದು ಹಿಂತುದಿಯಲ್ಲಿ ಕೆಳಗಿನ ಗಾಳಿಯನ್ನು ಕೂಡಿಕೊಳ್ಳಬೇಕು, ಅದಕ್ಕೇ ಜೋರಾಗಿ ಓಡುತ್ತದೆ, ಜೋರಾಗಿ ಓಡುವಲ್ಲಿ ಒತ್ತಡ ಇಳಿಯುತ್ತದೆ. ಇದು ತಪ್ಪು, ಇನ್ನಾದರೂ ಕಲಿಸುವುದನ್ನು ಬಿಡಬೇಕು. ಹಾಗೆ ಕೂಡಿಕೊಳ್ಳಲೇಬೇಕೆಂಬ ನಿಯಮ ಇಲ್ಲ. ಗಾಳಿ ಹಾಯಿಸಿ ಪರೀಕ್ಷಿಸುವ ವಿಂಡ್ ಟನಲ್‌ನಲ್ಲಿ ಹೊಗೆ ಬಿಟ್ಟು ನೋಡಿದರೆ ಮೇಲಿನ ಗಾಳಿ ಮುಂಚೆಯೇ ದಾಟಿ ಹೋಗಿರುತ್ತದೆ. ಉಬ್ಬೊಂದೇ ಕಾರಣವಾಗಿದ್ದರೆ ಯಲಹಂಕದ ಏರ್ ಶೋದಲ್ಲಿ ವಿಮಾನಗಳು ತಲೆಕೆಳಗಾಗಿ ಹಾರುತ್ತಿರಲಿಲ್ಲ ಅಲ್ವಾ?

ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಒತ್ತಡದ ವ್ಯತ್ಯಾಸ ಇದರದೇ ಇನ್ನೊಂದು ಮುಖ. ಬೈಕಿನ ಹಿಂದೆ ಕೂತು ಅಂಗೈ ಕೆಳಮುಖ ಮಾಡಿ ಕೈಯನ್ನು ಪಕ್ಕಕ್ಕೆ ಚಾಚಿ, ಹೆಬ್ಬೆರಳಿನ ಕಡೆ ಸ್ವಲ್ಪ ಎತ್ತಿ ನೋಡಿ. ಕೈ ತಾನೇ ಮೇಲೇಳುತ್ತದೆ. ಎದುರಿನ ಗಾಳಿಗೆ ರೆಕ್ಕೆ ಒಡ್ಡುವ ಈ ಓರೆಯೇ ಆಂಗಲ್ ಆಫ್ ಅಟ್ಯಾಕ್.

ವೇಗ ಅರ್ಧಕ್ಕಿಳಿದರೆ ಎತ್ತುವ ಬಲ ಕಾಲುಭಾಗಕ್ಕೆ ಕುಸಿಯುತ್ತದೆ. ಅದಕ್ಕೇ ಇಳಿಯುವಾಗ ಕಿಟಕಿಯಾಚೆ ರೆಕ್ಕೆಯ ಹಿಂಬದಿ ಗುಂಯ್ ಎನ್ನುತ್ತಾ ಹೊರಜಾರಿ ಕೆಳಕ್ಕೆ ಬಾಗುವುದು. ಆ ಫ್ಲ್ಯಾಪ್‌ಗಳು ರೆಕ್ಕೆಯನ್ನು ಅಗಲವಾಗಿಸಿ ಬಾಗು ಹೆಚ್ಚಿಸುತ್ತವೆ. ಮೂತಿಯೂ ಸ್ವಲ್ಪ ಮೇಲಾಗುತ್ತದೆ. ಆದರೆ ಓರೆಗೊಂದು ಮಿತಿ ಇದೆ. ಸಾಮಾನ್ಯ ರೆಕ್ಕೆಯಲ್ಲಿ ಸುಮಾರು 15 ಡಿಗ್ರಿ ದಾಟಿದರೆ ಮೇಲಿನ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವುದಿಲ್ಲ, ಕಿತ್ತುಕೊಂಡು ಸುಳಿಯಾಗುತ್ತದೆ. ಎತ್ತುವ ಬಲ ಕುಸಿಯುತ್ತದೆ, ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ತಡೆ ಏರುತ್ತದೆ. ಇದೇ ಸ್ಟಾಲ್. ಎಂಜಿನ್ ಚೆನ್ನಾಗಿದ್ದರೂ ಆಗುತ್ತದೆ.

2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಆಗಿದ್ದು ಅದೇ. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447ರ ವೇಗ ಅಳೆಯುವ ಕೊಳವೆಗಳಿಗೆ ಹಿಮದ ಹರಳು ಕಟ್ಟಿತು. ವೇಗದ ಲೆಕ್ಕ ತಪ್ಪಿ ಆಟೊಪೈಲಟ್ ಕೈಬಿಟ್ಟಿತು. ಸಹಪೈಲಟ್ ವಿಮಾನ ನಿಯಂತ್ರಿಸುವ ಸ್ಟಿಕ್ ಹಿಂದಕ್ಕೆ ಎಳೆದು ಮೂತಿ ಎತ್ತಿದರು. ವಿಮಾನ ಸುಮಾರು 38,000 ಅಡಿಗೇರಿ ಸ್ಟಾಲ್ ಆಯಿತು. ಎಚ್ಚರಿಕೆ ಮತ್ತೆ ಮತ್ತೆ ಮೊಳಗಿತು. ಎಂಜಿನ್‌ಗಳು ಓಡುತ್ತಿದ್ದವು, ಮೂತಿ ಮೇಲೇ ಇತ್ತು. ಆದರೆ ವಿಮಾನ ಕೆಳಗೆ ಬೀಳುತ್ತಿದ್ದರಿಂದ ಗಾಳಿ ಅಡಿಯಿಂದ ಬಡಿಯುತ್ತಿತ್ತು, ಓರೆ 35 ಡಿಗ್ರಿ ಮೀರಿತ್ತು. ಮೂರೂವರೆ ನಿಮಿಷದಲ್ಲಿ ಸಮುದ್ರ ಸೇರಿತು. 228 ಜನ ತೀರಿಕೊಂಡರು.

ಬಿಡುಗಡೆಯ ದಾರಿ ಒಂದೇ, ಸ್ಟಿಕ್ ಮುಂದಕ್ಕೆ ತಳ್ಳಿ ಮೂತಿ ತಗ್ಗಿಸುವುದು. ಓರೆ ಕಡಿಮೆಯಾದರೆ ಗಾಳಿ ಮತ್ತೆ ರೆಕ್ಕೆಗೆ ಅಂಟುತ್ತದೆ. ಒಂದಷ್ಟು ಎತ್ತರ ಕಳೆದುಕೊಳ್ಳಬೇಕು, ಆಮೇಲೆ ನಿಧಾನಕ್ಕೆ ಮೇಲೆತ್ತಬೇಕು. ಬೀಳುತ್ತಿರುವಾಗ ಇನ್ನೂ ಕೆಳಕ್ಕೆ ಬಾಗಿಸು ಅಂದರೆ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಪೈಲಟ್‌ಗಳಿಗೆ ಈಗ ಸಿಮ್ಯುಲೇಟರ್‌ನಲ್ಲಿ ಇದನ್ನು ಕೈಗೆ ರೂಢಿಯಾಗುವಂತೆ ಮಾಡಿಸುತ್ತಾರೆ.