‘ಅರ್ಜೆಂಟ್’ ಎಂಬ ಮೆಸೇಜಿಗೆ ಏನು ಉತ್ತರಿಸಬೇಕು?

ಪುಣೆಯ ಹಿಂಜವಾಡಿ, ಖರಾಡಿ ಭಾಗದ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು, ಅದರಲ್ಲೂ ಬೆಳಗಾವಿ, ವಿಜಯಪುರ ಕಡೆಯಿಂದ ಬಂದವರು, ಆಪ್ತಸಮಾಲೋಚನೆಯಲ್ಲಿ ಮೊದಲು ಹೇಳುವುದು ಕೆಲಸ ವಿಪರೀತವಾಗಿದೆ ಎಂದೇ. ಯಾವ ಮೆಸೇಜ್ ನೋಡಿದಾಗ ಎದೆ ಬಿಗಿಯಾಯಿತು ಎಂಬುದನ್ನು ಒಂದು ವಾರ ಬರೆದಿಡಲು ನಾನು ಅವರಿಗೆ ಹೇಳುತ್ತೇನೆ. ಆ ಪಟ್ಟಿಯಲ್ಲಿ ದೊಡ್ಡ ಕೆಲಸಗಳು ಕಡಿಮೆ. ‘ಅರ್ಜೆಂಟ್ ಇದೆ, ನೋಡಿ’, ‘ಒಂದು ಕಾಲ್ ಮಾಡೋಣವೇ?’ ಎಂಬಂಥ ಬಾಲವಿಲ್ಲದ, ತಲೆಯಿಲ್ಲದ ಸಾಲುಗಳೇ ಹೆಚ್ಚು.

ಉದ್ಯೋಗದ ಒತ್ತಡದ ಬಗ್ಗೆ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಮಾದರಿ ಇದಕ್ಕೆ ಕಾರಣವನ್ನು ಸೂಚಿಸುತ್ತದೆ: ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ ಪೂರೈಸಬೇಕೆಂದು ತೀರ್ಮಾನಿಸುವ ಅವಕಾಶ ಕಡಿಮೆಯಿರುವ ಕಡೆ ಒತ್ತಡ ತೀವ್ರವಾಗುತ್ತದೆ. ಏನು ಬೇಕು, ಯಾವಾಗ ಬೇಕು ಎಂಬುದು ಗೊತ್ತಿಲ್ಲದಿದ್ದರೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ. ಆಗ ನಮ್ಮವರು ‘ಆಯ್ತು ಸರ್’ ಎಂದು ಬರೆದು, ಊಟ ಬಿಟ್ಟು ಕೂರುತ್ತಾರೆ. ಹಿರಿಯರಿಗೆ ಮರುಪ್ರಶ್ನೆ ಹಾಕುವುದು ಉದ್ಧಟತನ ಎಂಬ ಮನೆಯ ಸಂಸ್ಕಾರ ಆಫೀಸಿನಲ್ಲಿ ದುಬಾರಿಯಾಗುತ್ತದೆ.

ಅಂಥ ಮೆಸೇಜಿಗೆ ಹೀಗೆ ಉತ್ತರಿಸಬಹುದು: ‘ಸರ್, ಇದನ್ನು ಇಂದು ಐದು ಗಂಟೆಯೊಳಗೆ ಕೊಡಬಲ್ಲೆ. ಹಾಗೆ ಮಾಡಿದರೆ ಬೆಳಿಗ್ಗೆ ಹೇಳಿದ ರಿಪೋರ್ಟ್ ನಾಳೆಗೆ ಹೋಗುತ್ತದೆ. ಯಾವುದು ಮೊದಲು?’ ಇದರಲ್ಲಿ ನಿರಾಕರಣೆಯಿಲ್ಲ, ದೂರೂ ಇಲ್ಲ. ಎರಡರಲ್ಲಿ ಒಂದನ್ನು ಆರಿಸುವ ಹೊಣೆ ಮಾತ್ರ ಅದು ಸಲ್ಲಬೇಕಾದವರಿಗೆ ಸಲ್ಲುತ್ತದೆ. ಎರಡೂ ಇಂದೇ ಬೇಕು ಎನ್ನುವ ಮ್ಯಾನೇಜರುಗಳೂ ಇದ್ದಾರೆ, ಅವರ ಮುಂದೆ ಈ ಉಪಾಯ ಅರ್ಧವಷ್ಟೇ ನಡೆಯುತ್ತದೆ. ಆದರೂ ಮಾತು ಬರಹದಲ್ಲಿ ಉಳಿದಿರುತ್ತದೆ.

ವಿದೇಶಿ ಕ್ಲೈಂಟುಗಳೊಡನೆ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ. ನ್ಯೂಯಾರ್ಕಿನ ಬೆಳಗಿನ 9 ಗಂಟೆಯ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ಸಂಜೆ 6.30ಕ್ಕೆ ಬೀಳುತ್ತದೆ, ನವೆಂಬರ್ ಮೊದಲ ಭಾನುವಾರ ಅಲ್ಲಿ ಚಳಿಗಾಲಕ್ಕಾಗಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಾಗ ಅದೇ ಮೀಟಿಂಗ್ 7.30ಕ್ಕೆ ಸರಿಯುತ್ತದೆ. ಇಲ್ಲಿ ಯಾರನ್ನೂ ಕೇಳದೆಯೇ ಸಂಜೆಯ ಒಂದು ಗಂಟೆ ಕಳೆದುಹೋಗಿರುತ್ತದೆ, ವಾಕಡ್ ಸೇತುವೆಯ ಟ್ರಾಫಿಕ್ ಬೇರೆ. ಅಕ್ಟೋಬರಿನಲ್ಲೇ, ಇಡೀ ತಂಡದ ಹೆಸರಿನಲ್ಲಿ, ಮೀಟಿಂಗನ್ನು ಅವರ 8 ಗಂಟೆಗೆ ತರಲು ಸಾಧ್ಯವೇ ಎಂದು ಕೇಳಿಡುವುದು ಒಳ್ಳೆಯದು. ಒಬ್ಬರೇ ಕೇಳಿದರೆ ಅದು ವೈಯಕ್ತಿಕ ಅನುಕೂಲದ ಮಾತಾಗಿ ಕಾಣುತ್ತದೆ.

ಫ್ರಾನ್ಸ್ 2017ರಿಂದ ಕೆಲಸದ ಅವಧಿಯ ಆಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿದೆ. ನಮ್ಮಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ ಇದೇ ಆಶಯದ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರೂ ಅದು ಕಾನೂನಾಗಿಲ್ಲ. ಹಾಗಾಗಿ ರಾತ್ರಿಯ ಮೆಸೇಜುಗಳ ವಿಷಯದಲ್ಲಿ ತಂಡದೊಳಗಿನ ಒಪ್ಪಂದವೇ ಸದ್ಯಕ್ಕೆ ಆಧಾರ: ನಿಜವಾದ ತುರ್ತಿಗೆ ಫೋನ್, ಉಳಿದದ್ದೆಲ್ಲ ಬೆಳಿಗ್ಗೆಗೆ.

ಇಷ್ಟಾದ ಮೇಲೂ ದಣಿವು ರಜೆಯಲ್ಲೂ ಹೋಗದಿದ್ದರೆ, ಕೆಲಸದ ಬಗ್ಗೆ ತಾತ್ಸಾರ ಬೆಳೆದು, ತನ್ನಿಂದ ಏನೂ ಆಗದು ಎಂಬ ಭಾವನೆ ಗಟ್ಟಿಯಾಗಿದ್ದರೆ ಅದು ಬರ್ನ್‌ಔಟ್ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿದೆ. ಆದರೆ ನಿದ್ರೆ, ಹಸಿವು ಕೆಟ್ಟು ವಾರಗಳೇ ಕಳೆದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.