ಒಂದೇ ವಿಟಮಿನ್, ಎರಡು ಕಾಯ್ದೆ

ನನ್ನ ಔಷಧಿ ಅಂಗಡಿಯಲ್ಲಿ ವಿಟಮಿನ್ ಡಿ ಎರಡು ಕಪಾಟುಗಳಲ್ಲಿದೆ. ಒಂದರ ಮೇಲೆ ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ ಇದೆ. ಅದು 1940ರ ಔಷಧ ಕಾಯ್ದೆಗೆ ಸೇರಿದ್ದು. ಇನ್ನೊಂದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ಸಂಖ್ಯೆ. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಅದು ಆಹಾರ. ಸರಸ್ವತಿಪುರಂನ ಗಿರಾಕಿಗಳಿಗೆ ಇದರ ಗೊಡವೆಯಿಲ್ಲ, ಎರಡೂ ಶಕ್ತಿಯ ಮಾತ್ರೆಗಳೇ. ತಯಾರಕರಿಗೂ ಸರ್ಕಾರಕ್ಕೂ ಜಗ್ಗಾಟವಿರುವುದು ಈ ಎರಡನೆಯ ಕಪಾಟಿನ ವಿಷಯದಲ್ಲಿ.

ಹೀಗೆ ಆಹಾರವೆಂದು ಮಾರುವ ಪೂರಕಗಳಲ್ಲಿನ ವಿಟಮಿನ್, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಶಿಫಾರಸು ಮಾಡಿದ ದಿನದ ಪ್ರಮಾಣವನ್ನು ಮೀರಕೂಡದು ಎಂದು 2016ರ ನಿಯಮ ಹೇಳಿತು. 2018ರ ಜನವರಿಯಿಂದ ಅದು ಜಾರಿಗೆ ಬಂತು. ತಯಾರಕರು ಒಪ್ಪಲಿಲ್ಲ. ಶಿಫಾರಸು ಎಂದರೆ ಆರೋಗ್ಯವಂತರಿಗೆ ಸಾಕಾಗುವ ಲೆಕ್ಕ, ಅಪಾಯದ ಗೆರೆಯಲ್ಲ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಐಸಿಎಂಆರ್‌ನ 2020ರ ಪಟ್ಟಿಯಲ್ಲಿ ವಯಸ್ಕರಿಗೆ ವಿಟಮಿನ್ ಡಿ ದಿನಕ್ಕೆ 600 ಯೂನಿಟ್, ತಾಳಿಕೊಳ್ಳಬಹುದಾದ ಗರಿಷ್ಠ ಮಿತಿ 4,000. ಆದರೆ ಯಾರೂ ಒಂದೇ ಡಬ್ಬಿಗೆ ನಿಲ್ಲುವುದಿಲ್ಲ. ಮಲ್ಟಿವಿಟಮಿನ್, ಕ್ಯಾಲ್ಸಿಯಂ ಮಾತ್ರೆ, ಪ್ರೋಟೀನ್ ಪುಡಿ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸೇರುತ್ತದೆ. ಬೆಲೆಯ ಸಂಗತಿಯೂ ಇದೆ, ಅದನ್ನು ತಯಾರಕರು ಜೋರಾಗಿ ಹೇಳುವುದಿಲ್ಲ: ಔಷಧಗಳಿಗಿರುವ ದರ ನಿಯಂತ್ರಣ ಆಹಾರಕ್ಕೆ ಅನ್ವಯಿಸದು.

ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ ಬಿಡಿ ಎನ್ನುವ ಮಾತನ್ನು ನಾನು ದಿನವೂ ಕೇಳುತ್ತೇನೆ. ಬಿ6 ಈ ನಂಬಿಕೆಯನ್ನು ಕೆಡಿಸುತ್ತದೆ. ಅದು ನೀರಿನಲ್ಲಿ ಕರಗುವ ವಿಟಮಿನ್. ಆದರೂ ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ನರಗಳಿಗೆ ಪೆಟ್ಟಾಗಿ ಪಾದ ಜುಮುಗುಡುತ್ತದೆ. ವಿಪರ್ಯಾಸ ನೋಡಿ, ಪಾದ ಜುಮುಗುಡುತ್ತದೆ ಎಂದೇ ಜನ ಬಿ-ಕಾಂಪ್ಲೆಕ್ಸ್ ಕೇಳಿಕೊಂಡು ಬರುತ್ತಾರೆ. ಹಿಂದೊಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಚೀಲದಿಂದ ಮೂರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, "ಇವು ಯಾವುವೂ ನಾಟುತ್ತಿಲ್ಲ, ಇನ್ನೂ ಪವರ್ ಇರುವುದು ಕೊಡಿ ಸಾರ್" ಎಂದರು. ಮೂರರ ಹಿಂಬದಿಯಲ್ಲೂ ಬಿ6 ಇತ್ತು. ಹೊಸದನ್ನು ಕೊಡದೆ ಡಬ್ಬಿಗಳ ಸಮೇತ ವೈದ್ಯರ ಬಳಿಗೆ ಕಳುಹಿಸಿದೆ. ಮುಖ ಗಂಟಿಕ್ಕಿಕೊಂಡೇ ಹೋದರು.

ಬ್ರಿಟನ್‌ನಲ್ಲಿ 1997ರಲ್ಲಿ ಸರ್ಕಾರ ಪೂರಕಗಳ ಬಿ6 ಅನ್ನು ದಿನಕ್ಕೆ 10 ಮಿಲಿಗ್ರಾಂಗೆ ಕಟ್ಟಿಹಾಕಲು ಹೊರಟಾಗ ಉದ್ಯಮ ತಿರುಗಿಬಿತ್ತು, ಪ್ರಸ್ತಾಪ ಮೂಲೆ ಸೇರಿತು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೇ ವಯಸ್ಕರ ಗರಿಷ್ಠ ಮಿತಿಯನ್ನು 25ರಿಂದ 12 ಮಿಲಿಗ್ರಾಂಗೆ ಇಳಿಸಿತು.

ಪೂರಕಗಳಿಂದ ತೊಂದರೆಯಾದದ್ದು ಎಲ್ಲಿದೆ ಎಂದು ತಯಾರಕರು ಕೇಳುತ್ತಾರೆ. ಬರೆದಿಡುವವರಿದ್ದರೆ ತಾನೇ ಕಾಣುವುದು? ನನ್ನ ಮಟ್ಟಿಗೆ, ಎಷ್ಟು ಮಿಲಿಗ್ರಾಂ ಎಂಬ ಜಗಳಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಇದು. ಔಷಧಿಯಿಂದ ಅಡ್ಡಪರಿಣಾಮವಾದರೆ ರೋಗಿಯೇ ಸರ್ಕಾರದ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು. ಪೂರಕದ ಡಬ್ಬಿಯ ಮೇಲೆ ನಮಗೆ ಕಾಣುವುದು ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆ. ಅಲ್ಲಿ ಹೇಳಿಕೊಂಡ ದೂರು ಮಾರಿದವರ ಕಡತಕ್ಕೇ ಹೋಗುತ್ತದೆ.