ಪಿಪೆಟ್ ಕ್ಯಾಲಿಬ್ರೇಷನ್‌ನಲ್ಲಿ ಝಡ್ ಗುಣಕ ಎಲ್ಲಿಂದ ಬರುತ್ತದೆ?

ಪಿಪೆಟ್ ಎಂದರೆ ದ್ರವವನ್ನು ಸಣ್ಣ ಪ್ರಮಾಣದಲ್ಲಿ ಅಳೆದು ಬಿಡುವ ಪ್ರಯೋಗಾಲಯದ ಉಪಕರಣ; ಅದು ಸರಿಯಾಗಿ ಅಳೆಯುತ್ತಿದೆಯೇ ಎಂದು ಪರೀಕ್ಷಿಸುವುದೇ ಕ್ಯಾಲಿಬ್ರೇಷನ್. ವಿಧಾನ ನೇರವಾಗಿದೆ: ಪಿಪೆಟ್‌ನಿಂದ ಶುದ್ಧ ನೀರನ್ನು ತಕ್ಕಡಿಯ ಪಾತ್ರೆಗೆ ಬಿಟ್ಟು, ತೂಕದಿಂದ ಗಾತ್ರವನ್ನು ಲೆಕ್ಕ ಹಾಕುವುದು. ಐಎಸ್‌ಒ 8655 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪಿಪೆಟ್‌ನ ಪೂರ್ಣ ಗಾತ್ರ, ಅದರ ಅರ್ಧ, ಹತ್ತನೇ ಒಂದು ಭಾಗ, ಪ್ರತಿಯೊಂದಕ್ಕೂ ಹತ್ತು ಅಳತೆಗಳು ಬೇಕು. ಹತ್ತರ ಸರಾಸರಿ ಗುರಿಯಿಂದ ಎಷ್ಟು ದೂರ ಎಂಬುದು ನಿಖರತೆ. ಹತ್ತೂ ತಮ್ಮತಮ್ಮಲ್ಲಿ ಎಷ್ಟು ಚದುರಿವೆ ಎಂಬುದು ನಿಷ್ಕೃಷ್ಟತೆ. 1000 ಮೈಕ್ರೋಲೀಟರ್ ಪಿಪೆಟ್‌ನ ಪೂರ್ಣ ಗಾತ್ರದಲ್ಲಿ ಮೊದಲನೆಯದಕ್ಕೆ ±8, ಎರಡನೆಯದಕ್ಕೆ 3 ಮೈಕ್ರೋಲೀಟರ್ ಮಿತಿ.

ತಲೆ ಕೆಡಿಸುವುದು ಝಡ್ ಗುಣಕ, ಅಂದರೆ ಮಿಲಿಗ್ರಾಂ ತೂಕವನ್ನು ಮೈಕ್ರೋಲೀಟರ್ ಗಾತ್ರವಾಗಿ ಬದಲಿಸಲು ಗುಣಿಸಬೇಕಾದ ಸಂಖ್ಯೆ. 20 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಮೈಕ್ರೋಲೀಟರ್‌ಗೆ 0.9982 ಮಿಲಿಗ್ರಾಂ. ಹಾಗಾದರೆ 1 ಮಿಲಿಗ್ರಾಂ ನೀರು 1 ÷ 0.9982, ಅಂದರೆ 1.0018 ಮೈಕ್ರೋಲೀಟರ್ ಆಗಬೇಕು. ಆದರೆ ಝಡ್ ಗುಣಕದ ಕೋಷ್ಟಕದಲ್ಲಿರುವುದು 1.0029. ಉಳಿದ 0.0011 ಎಲ್ಲಿಂದ ಬಂತು?

ಗಾಳಿಯಿಂದ. 1000 ಮೈಕ್ರೋಲೀಟರ್ ನೀರು ಸುಮಾರು 1.2 ಮಿಲಿಗ್ರಾಂ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಆರ್ಕಿಮಿಡೀಸ್ ನಿಯಮದಂತೆ ಅಷ್ಟೇ ತೂಕದ ಬಲ ನೀರನ್ನು ಮೇಲೆತ್ತುವುದರಿಂದ ತಕ್ಕಡಿ ಅಷ್ಟು ಕಡಿಮೆ ತೋರಿಸುತ್ತದೆ. ಇಲ್ಲಿಗೆ ನಿಲ್ಲಿಸಿದರೆ 0.0012 ಬರುತ್ತದೆ, 0.0011 ಅಲ್ಲ. ತಕ್ಕಡಿಯನ್ನು ಹೊಂದಿಸಿದ್ದು ಉಕ್ಕಿನ ತೂಕದ ಬಟ್ಟಿನಿಂದ, ಅದೂ ಗಾಳಿಯಲ್ಲಿಯೇ. ಆ ಬಟ್ಟನ್ನೂ ಗಾಳಿ ಎತ್ತುತ್ತಿರುತ್ತದೆ; ಉಕ್ಕಿನ ಸಾಂದ್ರತೆ ನೀರಿನ ಎಂಟು ಪಟ್ಟಾದ್ದರಿಂದ ಎಂಟನೇ ಒಂದು ಭಾಗದಷ್ಟು ಮಾತ್ರ, ಅಂದರೆ 0.15 ಮಿಲಿಗ್ರಾಂ. 1.2ರಿಂದ ಇದನ್ನು ಕಳೆದರೆ 1.05 ಮಿಲಿಗ್ರಾಂ. ದಶಮಾಂಶಗಳನ್ನು ದುಂಡಾಗಿಸಿದಾಗ ಕೋಷ್ಟಕದ ಸಂಖ್ಯೆಯೇ ಸಿಗುತ್ತದೆ. ಈ ಎರಡನೆಯ ಹೆಜ್ಜೆ ಅರ್ಥವಾದರೆ ಸೂತ್ರವನ್ನು ಬಾಯಿಪಾಠ ಮಾಡಬೇಕಿಲ್ಲ.

ಇಷ್ಟು ಸಣ್ಣ ಸಂಖ್ಯೆಗೆ ಏಕಿಷ್ಟು ಗಮನ ಎನ್ನುವವರು ಈ ಲೆಕ್ಕ ನೋಡಲಿ. 25 ಡಿಗ್ರಿಯಲ್ಲಿ ಗುಣಕ 1.0040. ಸರಾಸರಿ ತೂಕ 994.2 ಮಿಲಿಗ್ರಾಂ ಎಂದುಕೊಳ್ಳಿ. ಗುಣಿಸಿದರೆ 998.2 ಮೈಕ್ರೋಲೀಟರ್, ದೋಷ –0.18%. ಗುಣಿಸದಿದ್ದರೆ ದೋಷ –0.58%. ಅನುಮತಿಸಿದ 0.8%ರಲ್ಲಿ ಅರ್ಧದಷ್ಟನ್ನು ಮರೆತ ಗುಣಕವೇ ನುಂಗಿಬಿಡುತ್ತದೆ! ಚದುರುವಿಕೆಗೆ ಮಾತ್ರ ಗುಣಕದಿಂದ ಗಮನಾರ್ಹ ವ್ಯತ್ಯಾಸವಾಗದು; ಅಲ್ಲಿ ನೆನಪಿಡಬೇಕಾದದ್ದು ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು ಹತ್ತರಿಂದಲ್ಲ, ಒಂಬತ್ತರಿಂದ ಭಾಗಿಸುವುದನ್ನು.

ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು, ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. ಹಾಗಾಗಿ 25 ಡಿಗ್ರಿಗೆ ಅಲ್ಲಿ 1.0039, ಮಂಗಳೂರಿನಲ್ಲಿ 1.0040. ಮೊಬೈಲ್‌ನ ಹವಾಮಾನ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದು ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಒತ್ತಡ. ಅದನ್ನು ಕೋಷ್ಟಕದಲ್ಲಿ ಹುಡುಕಬೇಡಿ. ಪಿಪೆಟ್ ಒಳಗಿನ ಗಾಳಿಯ ಮೇಲೆ ಎತ್ತರದ ಪ್ರಭಾವ ಇನ್ನೂ ದೊಡ್ಡದು. ತುದಿಯಲ್ಲಿ ನೇತಾಡುವ ನೀರಿನ ಭಾರಕ್ಕೆ ತೆಳು ಗಾಳಿ ಹೆಚ್ಚು ಹಿಗ್ಗುತ್ತದೆ, ಒಳಬರುವ ನೀರು ಅಷ್ಟು ಕಡಿಮೆಯಾಗುತ್ತದೆ. ಕರಾವಳಿಯಲ್ಲಿ ಹೊಂದಿಸಿದ ಪಿಪೆಟ್ಟನ್ನು ಘಟ್ಟದ ಮೇಲೆ ಮತ್ತೆ ಪರೀಕ್ಷಿಸಲೇಬೇಕು.

ಉಳಿದದ್ದು ಕೈಗೆ ಬೇಗ ರೂಢಿಯಾಗುತ್ತದೆ. ನೀರು, ಪಿಪೆಟ್, ತುದಿಗಳು ಒಂದೇ ಕೋಣೆಯಲ್ಲಿ ಕನಿಷ್ಠ ಎರಡು ಗಂಟೆ ಇರಲಿ. ಹೊಸ ತುದಿಯನ್ನು ಐದು ಬಾರಿ ನೀರು ಎಳೆದು ಬಿಟ್ಟು ನೆನೆಸಿಕೊಳ್ಳಿ. 50 ಮೈಕ್ರೋಲೀಟರ್‌ಗಿಂತ ಕಡಿಮೆಯಿದ್ದರೆ ಪಾತ್ರೆಗೆ ಮುಚ್ಚಳ ಹಾಕಿ, ಆವಿಯಾದದ್ದನ್ನು ಅಳೆದು ಲೆಕ್ಕಕ್ಕೆ ಸೇರಿಸಿ.